ದ್ರಾಕ್ಷಿ ಇಲ್ಲಿ, ಬಟ್ಟಿ ಅಲ್ಲಿ

ಬ್ರಾಂದಿ ದ್ರಾಕ್ಷಿಯದೆಂದು ನಂಬಿದವರು ಬಾಟಲಿಯ ಚೀಟಿಯನ್ನೊಮ್ಮೆ ಕಣ್ಣಿಟ್ಟು ಓದಬೇಕು. ನಮ್ಮೂರ ಬ್ರಾಂದಿ ಅಂಗಡಿಗಳ ಕಪಾಟಿನಲ್ಲಿ ಸಾಲುಗಟ್ಟಿ ನಿಂತಿರುವುದರಲ್ಲಿ ಬಹುಪಾಲು ಕಬ್ಬಿನ ಸಂತಾನ. ಸಕ್ಕರೆ ಕಾರ್ಖಾನೆಯಲ್ಲಿ ಉಳಿದ ಕಾಕಂಬಿಯನ್ನು ಹುದುಗು ಬರಿಸಿ, ಬಟ್ಟಿ ಇಳಿಸಿ, ರುಚಿ-ವಾಸನೆ ಏನೂ ಉಳಿಯದಂತೆ ಶುದ್ಧ ಮಾಡಿದ ಮದ್ಯಸಾರಕ್ಕೆ ಬಣ್ಣ, ಪರಿಮಳ ಮತ್ತು ಒಂದಿಷ್ಟು ನಿಜವಾದ ದ್ರಾಕ್ಷಿ ಬ್ರಾಂದಿ ಸೇರಿಸಿದರೆ ಮುಗಿಯಿತು. ಆ ‘ಒಂದಿಷ್ಟು’ ಎಷ್ಟು? ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದ ಪ್ರಕಾರ ಬ್ಲೆಂಡೆಡ್ ಬ್ರಾಂದಿಗೆ ಕನಿಷ್ಠ ಶೇ 2 ಸಾಕು. ಸಾರಿಗೆ ಇಂಗು ಹಾಕಿದ ಹಾಗೆ.

ದ್ರಾಕ್ಷಿ ತೋಟವೂ ಬಟ್ಟಿಮನೆಯೂ ಒಂದೇ ಕುಟುಂಬದ ಕೈಯಲ್ಲಿದ್ದು ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರುವುದು ಫ್ರಾನ್ಸಿನ ಕೊನ್ಯಾಕ್ ಸೀಮೆಯಲ್ಲಿ ಮಾಮೂಲು. ಕರ್ನಾಟಕದಲ್ಲಿ ಅವೆರಡೂ ಬೇರೆ ಬೇರೆ ಊರಲ್ಲಿವೆ. ತೋಟ ನಮ್ಮ ಕೊಪ್ಪಳದಲ್ಲಿದೆ, ಮೂರು ತಲೆಮಾರಿನ ಬಟ್ಟಿ ಬೆಂಗಳೂರಿನಲ್ಲಿದೆ.

ಬಟ್ಟಿಯವರ ಕತೆ ಮೊದಲು. ರಾಧಾಕೃಷ್ಣ ಜಗದಾಳೆ ಅವರು ಬೆಂಗಳೂರಿನಲ್ಲಿ ಅಮೃತ್ ಡಿಸ್ಟಿಲರೀಸ್ ಶುರು ಮಾಡಿದ್ದು 1948ರಲ್ಲಿ. ಆಗ ಕೆಲಸವೆಂದರೆ ಬೆರೆಸುವುದು, ಬಾಟಲಿಗೆ ತುಂಬುವುದು, ಅಷ್ಟೆ. ಮೊದಲು ಹೊರಬಂದ ಸರಕು ಸಿಲ್ವರ್ ಕಪ್ ಬ್ರಾಂದಿ. ಸೈನಿಕರ ಕ್ಯಾಂಟೀನುಗಳು ಗಿರಾಕಿಯಾದ ಮೇಲೆ ವ್ಯಾಪಾರಕ್ಕೆ ಬುಡ ಗಟ್ಟಿಯಾಯಿತು. ದಕ್ಷಿಣದವರ ನಾಲಿಗೆಗೆ ಬ್ರಾಂದಿಯೇ ಹತ್ತಿರ. ನೆಗಡಿ, ಬಾಣಂತನ ಎಂಬ ನೆಪದಲ್ಲಿ ಅದು ಕುಡಿತವನ್ನು ಬಾಯಲ್ಲಿ ಎತ್ತದ ಮನೆಗಳ ಔಷಧಿ ಗೂಡಿನಲ್ಲೂ ಕೂತಿತ್ತು. ರಮ್ಮಿಗೂ ವಿಸ್ಕಿಗೂ ಸಿಗದ ಮರ್ಯಾದೆ ಅದು.

1976ರಲ್ಲಿ ಮಗ ನೀಲಕಂಠ ರಾವ್ ಜಗದಾಳೆ ಚುಕ್ಕಾಣಿ ಹಿಡಿದರು. ಎಂಬತ್ತರ ದಶಕದಲ್ಲಿ ಅವರು ಕಾಕಂಬಿಯ ದಾರಿಯ ಜೊತೆಗೇ ಬಾರ್ಲಿಯಿಂದ ಮಾಲ್ಟ್ ವಿಸ್ಕಿ ಇಳಿಸತೊಡಗಿದರು. ಕಾರ್ಖಾನೆ ಮೈಸೂರು ರಸ್ತೆಯ ಕುಂಬಳಗೋಡಿನಲ್ಲಿ. ಆ ಮಾಲ್ಟ್ ಬಹಳ ಕಾಲ ಬೇರೆ ವಿಸ್ಕಿಗಳಿಗೆ ಬೆರಕೆಯಾಗಿಯೇ ಹೋಗುತ್ತಿತ್ತು. ಮೂರನೆಯ ತಲೆಮಾರಿನ ರಕ್ಷಿತ್ ಜಗದಾಳೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುತ್ತಿದ್ದಾಗ ಅಪ್ಪ ಒಂದು ಕೆಲಸ ಹಚ್ಚಿದರು: ಭಾರತದ ಸಿಂಗಲ್ ಮಾಲ್ಟ್ ಅಲ್ಲಿ ಮಾರಾಟವಾದೀತೇ, ನೋಡು. ಹೆಸರು ಹೇಳದೆ ಸ್ಕಾಟ್ಲೆಂಡಿನವರಿಗೇ ಕುಡಿಸಿ ನೋಡಿದರು. 2004ರ ಆಗಸ್ಟ್ 24ರಂದು ಗ್ಲಾಸ್ಗೊ ನಗರದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾಯಿತು. ವಿಸ್ಕಿಯ ತವರಿಗೇ ಹೋಗಿ ವಿಸ್ಕಿ ಮಾರುವ ಈ ಎದೆಗಾರಿಕೆಗೆ ಮೊದಮೊದಲು ಲಾಭವೇನೂ ದಕ್ಕಲಿಲ್ಲ. ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು ಜಗತ್ತಿನ ಮೂರನೇ ಸ್ಥಾನದಲ್ಲಿ ಕೂರಿಸಿದ ಮೇಲೆ ಗಾಳಿ ತಿರುಗಿತು. ಬೆಂಗಳೂರಿನ ಅಂಗಡಿಗೆ ಈ ಬಾಟಲಿ ಬಂದದ್ದೂ ಸುಮಾರು ಆಗಲೇ. ನೀಲಕಂಠ ರಾವ್ 2019ರಲ್ಲಿ ತೀರಿಕೊಂಡರು. ಈಗ ಸಂಸ್ಥೆ ಮಗನ ಕೈಯಲ್ಲಿದೆ.

ಬ್ರಾಂದಿಯಿಂದ ಹೊರಟ ಮನೆ ಹೀಗೆ ಬಾರ್ಲಿಯಲ್ಲಿ ಹೆಸರು ಮಾಡಿತು. ದ್ರಾಕ್ಷಿ ಪಕ್ಕಕ್ಕೇ ಉಳಿಯಿತು.

ಇನ್ನು ನಮ್ಮ ಕಡೆ. ಕುಷ್ಟಗಿ, ಯಲಬುರ್ಗಾದ ಒಣನೆಲದಲ್ಲಿ ಬಳ್ಳಿ ಹಬ್ಬಿಸಿದವರಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನಲ್ಲಿ ಸವರುವುದು ಕಡ್ಡಿ ಬಲಿಯಲಿ ಎಂದು, ಅಕ್ಟೋಬರಿನಲ್ಲಿ ಸವರುವುದು ಗೊನೆ ಬರಲಿ ಎಂದು. ಫ್ರಾನ್ಸಿನ ಬಳ್ಳಿ ಚಳಿಗಾಲವಿಡೀ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲ, ಆದ್ದರಿಂದ ನಿದ್ದೆಯ ಕೆಲಸವನ್ನು ಕತ್ತರಿಯೇ ಮಾಡಬೇಕು. ಹಣ್ಣು ಬಲಿಯುವ ಹೊತ್ತಿಗೆ ಮೋಡ ಮುಚ್ಚಿ ಮಳೆ ಹನಿದರೆ ಕಾಯಿ ಸೀಳುತ್ತದೆ, ರೋಗ ಹತ್ತುತ್ತದೆ. ಅದನ್ನು ದಾಟಿಸಿದರೆ ಹಗಲಿನ ಬಿಸಿಲು ಸಕ್ಕರೆ ಕೂಡಿಸುತ್ತದೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ.

ಇದೇ ಲೆಕ್ಕ ಹಾಕಿ ಈ ಜಿಲ್ಲೆಗೆ ಬಂದವರು ಹೈದರಾಬಾದಿನ ಔಷಧ ಉದ್ಯಮಿ ದಂಪತಿ ಕೃಷ್ಣ ಪ್ರಸಾದ್ ಮತ್ತು ಉಮಾ ಚಿಗುರುಪಾಟಿ. ತಮ್ಮಿಬ್ಬರ ಹೆಸರನ್ನು ಕೂಡಿಸಿ ತೋಟಕ್ಕೆ ‘ಕೃಸ್ಮಾ’ ಎಂದು ಹೆಸರಿಟ್ಟರು. ಇಬ್ಬರೂ ಮ್ಯಾರಥಾನ್ ಓಟಗಾರರು. ಬಳ್ಳಿ ನೆಟ್ಟು ಕಾಯುವವರಿಗೆ ಆ ಅಭ್ಯಾಸ ಉಪಯೋಗಕ್ಕೆ ಬಂದಿರಬೇಕು! ಇಲ್ಲಿನ ಕೆಮ್ಮಣ್ಣಿನಲ್ಲಿ ಬೆಳೆದ ಕ್ಯಾಬರ್ನೆ ಸೋವಿನ್ಯೋಂ, ಸೋವಿನ್ಯೋಂ ಬ್ಲಾಂ ಹಣ್ಣುಗಳು ವೈನಾಗಿ, ‘ಹಂಪಿ ಹಿಲ್ಸ್’ ಹೆಸರು ಹೊತ್ತು ಮಹಾನಗರದ ಮೇಜುಗಳಿಗೆ ಹೋಗುತ್ತವೆ.

ಹಿನ್ನೆಲೆಯಲ್ಲಿ ಸರ್ಕಾರದ ಕೈಯೂ ಇತ್ತು. ಸಾರಾಯಿ ಮಾರಾಟ ನಿಂತ 2007ರಲ್ಲೇ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಹೊರಬಂತು. ಒಂದು ಕೈಯಲ್ಲಿ ಸಾರಾಯಿಗೆ ಬೀಗ, ಇನ್ನೊಂದರಲ್ಲಿ ವೈನಿಗೆ ಆರತಿ.

ವೈನ್ ಇದೆಯೆಂದ ಮೇಲೆ ಬ್ರಾಂದಿಗೆ ಉಳಿದದ್ದು ಒಂದೇ ಹೆಜ್ಜೆಯಲ್ಲವೇ? ಕಾಗದದ ಮೇಲೆ ಹೌದು. ಕೊನ್ಯಾಕ್‌ನವರು ಸಿಹಿ ಕಡಿಮೆಯ, ಹುಳಿ ಹೆಚ್ಚಿನ ವೈನನ್ನು ತಾಮ್ರದ ಹಂಡೆಯಲ್ಲಿ ಎರಡು ಸಲ ಇಳಿಸುತ್ತಾರೆ. ಮೊದಲು ಬರುವ ಘಾಟು ಹನಿಗಳನ್ನು ಬೇರೆ ತೆಗೆದಿಡುತ್ತಾರೆ, ಕೊನೆಯ ಮಂಕು ಹನಿಗಳನ್ನೂ ಬೇರೆ ಮಾಡುತ್ತಾರೆ, ನಡುವಿನದನ್ನಷ್ಟೇ ಓಕ್ ಪೀಪಾಯಿಗೆ ಸುರಿಯುತ್ತಾರೆ. ಒಂದು ಲೀಟರ್ ಇಳಿಸಲು ಸುಮಾರು ಒಂಬತ್ತು ಲೀಟರ್ ವೈನ್ ಖರ್ಚು. ಆಮೇಲೆ ಕನಿಷ್ಠ ಎರಡು ವರ್ಷ ಪೀಪಾಯಿವಾಸ.

ನಮ್ಮ ಬಿಸಿಲಿನಲ್ಲಿ ಆ ವಾಸ ಸಲೀಸಲ್ಲ. ಪೀಪಾಯಿಯ ಮದ್ಯ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಶೇ 10ರಿಂದ 12. ಅಮೃತ್‌ನವರು ಎಂಟು ವರ್ಷ ಮಾಗಿಸಿ 2013ರಲ್ಲಿ ಹೊರತಂದ ವಿಸ್ಕಿಯಲ್ಲಿ ಪೀಪಾಯಿಯ ಬಹುಪಾಲು ಆರಿಹೋಗಿತ್ತು. ಕುಡಿದು ಖಾಲಿ ಮಾಡಿದವರು ದೇವದೂತರೆಂದು ಅದಕ್ಕೆ ‘ಗ್ರೀಡಿ ಏಂಜೆಲ್ಸ್’ ಎಂದೇ ಹೆಸರಿಟ್ಟರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕೊಪ್ಪಳದಲ್ಲಿ ದೇವದೂತರಿಗೆ ಇನ್ನೂ ಬಾಯಾರಿಕೆ. ಆದರೆ ಬಿಸಿ ಊರಲ್ಲಿ ಮದ್ಯ ಬೇಗನೆ ಮಾಗುತ್ತದೆ. ಕುಂಬಳಗೋಡಿನವರು ಗೆದ್ದದ್ದೂ ಆ ಲೆಕ್ಕದಲ್ಲೇ. ಹೀಗಾಗಿ ಹವೆಯ ನೆಪ ನನಗೆ ಒಪ್ಪಿಗೆಯಿಲ್ಲ.

ತೊಡಕಿರುವುದು ಕಡತದಲ್ಲಿ, ಕಾಸಿನಲ್ಲಿ. ದ್ರಾಕ್ಷಿಯಿಂದ ವೈನ್ ಮಾಡಲು ಅಬಕಾರಿ ಇಲಾಖೆಯ 1968ರ ನಿಯಮಗಳು. ಬಟ್ಟಿಗೆ ಬೇರೆಯೇ, 1967ರ ಡಿಸ್ಟಿಲರಿ ನಿಯಮಗಳು. ಎರಡಕ್ಕೂ ಎರಡು ಕಡತ. ಕಾಸಿನ ಮಾತಿಗೆ ಬಂದರೆ, ಪೀಪಾಯಿ ಮಾಗುವ ತನಕ ಮನೆ ನಡೆಸಲು ಜಗದಾಳೆಯವರಿಗೆ ಬ್ರಾಂದಿ, ರಮ್ಮಿನ ವ್ಯಾಪಾರವಿತ್ತು, ಚಿಗುರುಪಾಟಿಯವರ ಬೆನ್ನಿಗೆ ಔಷಧ ಉದ್ಯಮವಿದೆ. ಕುಷ್ಟಗಿಯ ರೈತ ಮಾತ್ರ ಗೊನೆ ಕೊಯ್ದ ವಾರದಲ್ಲೇ ಅದನ್ನು ದುಡ್ಡು ಮಾಡಿಕೊಂಡು ಏಪ್ರಿಲ್ ಚಾಟ್ನಿಯ ಕೂಲಿ ಹೊಂದಿಸಬೇಕು.