ಕ್ರಾಂತಿಯ ಮರುದಿನ

ಕ್ರಾಂತಿಯನ್ನು ಚಿತ್ರಿಸುವುದು ಸುಲಭ. ಅದರ ಮರುದಿನವನ್ನು ಚಿತ್ರಿಸುವುದು ಕಷ್ಟ. ಧ್ವಜ ಬದಲಾದಷ್ಟು ಬೇಗನೆ ಕಚೇರಿಯ ಗುಮಾಸ್ತನಾಗಲಿ ಮನೆಯ ಯಜಮಾನನಾಗಲಿ ಬದಲಾಗುವುದಿಲ್ಲ. ಈ ಸತ್ಯವನ್ನು ಸಂಕೋಚವಿಲ್ಲದೆ ಎದುರಿಸಿದುದೇ ಕ್ಯೂಬಾ ದೇಶದ ಹಳೆಯ ಚಿತ್ರಗಳ ಹಿರಿಮೆ.

1959ರ ಜನವರಿಯಲ್ಲಿ ಬಟಿಸ್ಟಾನ ಸರ್ವಾಧಿಕಾರ ಕೊನೆಗೊಂಡಿತು. ಮಾರ್ಚಿನಲ್ಲಿಯೇ ಹೊಸ ಸರಕಾರ ಚಲಚ್ಚಿತ್ರ ಸಂಸ್ಥೆಯೊಂದನ್ನು ಸ್ಥಾಪಿಸಿತು. ಸರಕಾರದ ಅನ್ನವುಂಡ ಸಂಸ್ಥೆ ಸರಕಾರದ ಸ್ತೋತ್ರವನ್ನೇ ಹಾಡೀತೆಂದು ಊಹಿಸುವುದು ಸಹಜ. ಹಾಡಿದುದೂ ಉಂಟು. ಆದರೆ ತೊಮಾಸ್ ಗುಟಿಯೆರೆಸ್ ಅಲೆಯಾ 1966ರಲ್ಲಿ ತೆಗೆದ 'ಅಧಿಕಾರಶಾಹಿಯೊಬ್ಬನ ಮರಣ' ಬೇರೆಯದೇ ರಾಗ. ಆದರ್ಶ ಕಾರ್ಮಿಕನೊಬ್ಬನನ್ನು, ಗೌರವಾರ್ಥವಾಗಿ, ಅವನ ಕೆಲಸದ ಕಾರ್ಡಿನೊಡನೆ ಹೂಳುತ್ತಾರೆ. ವಿಧವೆಗೆ ಪಿಂಚಣಿ ದೊರೆಯಬೇಕಾದರೆ ಆ ಕಾರ್ಡೇ ಬೇಕು! ಗುಟ್ಟಾಗಿ ಹೆಣ ತೆಗೆದುದಾಯಿತು. ಮರಳಿ ಹೂಳಲು ಹೋದರೆ, ತೆಗೆದುದಕ್ಕೆ ಅಪ್ಪಣೆಪತ್ರವೆಲ್ಲಿ ಎಂಬ ಪ್ರಶ್ನೆ. ನಗುತ್ತ ನಗುತ್ತಲೇ ಪ್ರೇಕ್ಷಕನಿಗೆ ಎದೆ ಭಾರವಾಗುತ್ತದೆ.

ಅದೇ ನಿರ್ದೇಶಕನ 1968ರ 'ಹಿಂದುಳಿದ ಬಾಳಿನ ನೆನಪುಗಳು' ಇನ್ನೂ ಸೂಕ್ಷ್ಮ. ಹೆಂಡತಿ, ತಾಯಿತಂದೆಗಳು ಅಮೆರಿಕಕ್ಕೆ ಹೊರಟುಹೋದ ಮೇಲೂ ಹವಾನಾದಲ್ಲಿಯೇ ಉಳಿದ ಸೆರ್ಜಿಯೊ ತನ್ನ ಎತ್ತರದ ಮನೆಯಿಂದ ದೂರದರ್ಶಕದಲ್ಲಿ ನಗರವನ್ನು ನೋಡುತ್ತಾನೆ. ಹಳೆಯದನ್ನು ಹಳಿಯಬಲ್ಲ, ಹೊಸದರಲ್ಲಿ ಬೆರೆಯಲಾರ. ಅವನನ್ನು ಖಳನಾಗಿಸದೆ, ಅವನ ಕಣ್ಣಿನಿಂದಲೇ ನಮಗೆ ಊರನ್ನು ತೋರಿಸಿ, ಆ ಕಣ್ಣಿನ ದೋಷವನ್ನೂ ನಾವೇ ಕಂಡುಕೊಳ್ಳುವಂತೆ ಮಾಡಿದುದು ಅಲೆಯಾನ ಪ್ರತಿಭೆ.

ಆದರೆ ಕ್ರಾಂತಿಯ ನಿಜವಾದ ಪರೀಕ್ಷೆ ನಡೆಯುವುದು ಹೊಸ್ತಿಲ ಒಳಗೆ. ಉಂಬೆರ್ತೊ ಸೊಲಾಸ್ 1968ರಲ್ಲಿ ನಿರ್ಮಿಸಿದ 'ಲೂಸಿಯಾ' ಮೂರು ಕಾಲದ ಮೂವರು ಸ್ತ್ರೀಯರ ಕಥೆ. ಮೂರನೆಯವಳು ಕ್ರಾಂತಿಯ ನಂತರದ ಹಳ್ಳಿಯ ಹೆಣ್ಣು. ಗಂಡ ತೊಮಾಸ್ ಹೊಸ ಸಮಾಜದ ದುಡಿಮೆಗಾರ. ಹೆಂಡತಿಯ ವಿಷಯದಲ್ಲಿ ಮಾತ್ರ ಹಳೆಯ ಒಡೆಯ. ಅವಳು ಕೆಲಸಕ್ಕೆ ಹೋಗಕೂಡದು, ಪರಪುರುಷನ ಕಣ್ಣಿಗೆ ಬೀಳಕೂಡದು. ಕಿಟಕಿಗಳಿಗೂ ಮೊಳೆ ಬಡಿಯುತ್ತಾನೆ. ಆ ಮನೆಗೆ ಅಕ್ಷರ ಕಲಿಸಲು ನಗರದಿಂದ ತರುಣನೊಬ್ಬ ಬರುತ್ತಾನೆ. ಅಕ್ಷರ ಕಲಿತವಳು ಗಂಡನನ್ನು ಬಿಟ್ಟು ಉಪ್ಪಿನ ಗದ್ದೆಯಲ್ಲಿ ದುಡಿಯುತ್ತಾಳೆ; ಮತ್ತೆ ಅವನಲ್ಲಿಗೆ ಬಂದಾಗ ಅವಳಿಗೆ ಒಲವೂ ಬೇಕು, ದುಡಿಮೆಯೂ ಬೇಕು. ಕಡಲತೀರದಲ್ಲಿ ಅವರಿಬ್ಬರ ಜಗಳ ತೀರುವುದಿಲ್ಲ. ಚಿಕ್ಕ ಹುಡುಗಿಯೊಬ್ಬಳು ನೋಡಿ, ನಕ್ಕು, ತನ್ನ ದಾರಿ ಹಿಡಿಯುತ್ತಾಳೆ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಲೂಸಿಯಾಳಿಗೆ ಬಾಗಿಲು ತೆರೆದವನೂ ಗಂಡಸೇ, ಕಥೆ ಹೇಳಿದವನೂ ಗಂಡಸೇ. ಸ್ತ್ರೀಯೊಬ್ಬಳು ತಾನೇ ಈ ವಸ್ತುವನ್ನು ಕೈಗೆತ್ತಿಕೊಳ್ಳಲು ಸಾರಾ ಗೋಮೆಸ್ ಬರಬೇಕಾಯಿತು. ಆಕೆಯ ಒಂದೇ ಕಥಾಚಿತ್ರ 'ಒಂದು ಬಗೆಯಲ್ಲಿ'. ಅದು ಪೂರ್ಣಗೊಳ್ಳುವ ಮೊದಲೇ, 1974ರಲ್ಲಿ, ಆಕೆ ತೀರಿಕೊಂಡಳು. ಉಳಿದ ಕೆಲಸವನ್ನು ಅಲೆಯಾ ಮೊದಲಾದ ಸಹೋದ್ಯೋಗಿಗಳು ಮುಗಿಸಿದರು.

ರಾಜ್ಯಕ್ಕೆ ಹೊಗಳುಭಟರು ಎಲ್ಲ ಕಾಲದಲ್ಲಿಯೂ ದೊರೆಯುತ್ತಾರೆ. ತಾನು ನಂಬಿದುದನ್ನೇ ಒರೆಗೆ ಹಚ್ಚುವ ಕಲಾವಿದರು ವಿರಳ. ಮೊಳೆ ಬಡಿದ ಕಿಟಕಿ ಯಾವ ದೇಶದಲ್ಲಿ ಉಳಿದಿರುವುದೋ ಅಲ್ಲಿಯವರೆಗೂ ಈ ಚಿತ್ರಗಳು ಹಳೆಯವಾಗಲಾರವು.