ಕೌಲು ಕೊಟ್ಟು ಕೂಡಿಸಿದ ಪೇಟೆ

ಬಳ್ಳಾರಿಯವರು ದಿನಕ್ಕೆ ನಾಲ್ಕು ಸಲವಾದರೂ ‘ಕೌಲ್ ಬಜಾರ್’ ಅನ್ನುತ್ತೇವೆ. ಆ ಕೌಲು ಎಂದರೇನು ಅಂತ ಕೇಳಿದರೆ ಈಗಿನ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಕೌಲು ಎಂದರೆ ಬರೆದುಕೊಟ್ಟ ಮಾತು. ಪಾಳುಬಿದ್ದ ಊರಿಗೆ ಒಕ್ಕಲು ಕರೆಯುವಾಗ, ಹೊಸ ಪೇಟೆಗೆ ವ್ಯಾಪಾರಿಗಳನ್ನು ಕೂಡಿಸುವಾಗ ಆಳುವವರು ಕೊಡುತ್ತಿದ್ದ ಪತ್ರ ಅದು. ಇಷ್ಟು ನೆಲ ನಿನಗೆ, ಇಷ್ಟು ವರ್ಷ ಇಷ್ಟೇ ಕಂದಾಯ, ನಡುವೆ ಬಂದು ಯಾರೂ ನಿನ್ನನ್ನು ಎಬ್ಬಿಸುವುದಿಲ್ಲ ಎಂಬ ಭರವಸೆ. 1800ರಲ್ಲಿ ಈ ಸೀಮೆ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. ದಂಡು ಬೀಡುಬಿಟ್ಟಿತು. ದಂಡು ಇದ್ದಲ್ಲಿಗೆ ದರ್ಜಿ, ಕಟುಕ, ಮೇದಾರ, ಕಿರಾಣಿಯವ ಎಲ್ಲರೂ ಬೇಕು. ಹೀಗೆ ದಂಡಿನ ಮಗ್ಗುಲಲ್ಲಿ ಕೌಲ್ ಬಜಾರ್ ಬೆಳೆಯಿತು. ಕೋಟೆಯ ಕಡೆ ಇಂಗ್ಲಿಷ್ ಅಧಿಕಾರಿಯ ಹೆಸರು ಹೊತ್ತ ಬ್ರೂಸ್‌ಪೇಟೆ ಬೆಳೆಯಿತು. ಕಂಪನಿ ಹೋಯಿತು, ದಂಡೂ ಹೋಯಿತು. ಬಜಾರು ಉಳಿದಿದೆ, ಹೆಸರಿನಲ್ಲಿ ಆ ಮಾತೂ ಉಳಿದಿದೆ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಹಳೆಯ ಮಾರುಕಟ್ಟೆಗಳನ್ನು ಕೆಡವಿ, ಇಲ್ಲವೇ ಒಳಗಿನದನ್ನೆಲ್ಲ ಬಳಿದು ಬಣ್ಣ ಹೊಡೆದು, ಗಾಜಿನ ಬಾಗಿಲು ಹಾಕಿ ‘ಫುಡ್ ಹಾಲ್’ ಮಾಡುವ ರೂಢಿ ಜಗತ್ತಿನಲ್ಲಿ ಹಬ್ಬುತ್ತಿದೆ. ನಮ್ಮ ಪೇಟೆಗೆ ಅದು ಇನ್ನೂ ಕಾಲಿಟ್ಟಿಲ್ಲ. ಆದರೆ ಗಣಿ ಬಾಧಿತ ಜಿಲ್ಲೆ ಎಂದು ನಮಗೆ ಮೀಸಲಾದ ನಿಧಿ ದೊಡ್ಡದು. ಹಣವಿದ್ದ ಕಡೆ ನೀಲನಕ್ಷೆ ಬೇಗ ಬರುತ್ತದೆ. ಅದು ಬರುವ ಮುಂಚೆ ನಮ್ಮಲ್ಲಿ ಏನಿದೆ ಎಂದು ಒಮ್ಮೆ ನೋಡಿಕೊಳ್ಳೋಣ.

ಬೆಳಿಗ್ಗೆ ಪೇಟೆಗೆ ಹೋದವರು ಮೊದಲು ತಿನ್ನುವುದು ವಗ್ಗರಣಿ ಮಿರ್ಚಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ, ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಬಾಣಲೆಯಿಂದ ಆಗತಾನೆ ಎತ್ತಿದ ಮೆಣಸಿನಕಾಯಿ ಬಜ್ಜಿ. ಗಡಿ ದಾಟಿ ಅನಂತಪುರ, ಕರ್ನೂಲಿಗೆ ಹೋದರೆ ಇದೇ ಉಗ್ಗಾನಿ. ಹಮಾಲಿಯೂ ಇದನ್ನೇ ತಿನ್ನುತ್ತಾನೆ, ಅಂಗಡಿ ಯಜಮಾನನೂ ಇದನ್ನೇ ತಿನ್ನುತ್ತಾನೆ, ಅದೂ ಒಂದೇ ಬಂಡಿಯ ಮುಂದೆ ನಿಂತು. ಮಾತು ಕನ್ನಡದಲ್ಲಿ ಶುರುವಾಗಿ, ತೆಲುಗಿನಲ್ಲಿ ಚೌಕಾಸಿಯಾಗಿ, ಉರ್ದುವಿನಲ್ಲಿ ವ್ಯವಹಾರ ಮುಗಿಯುತ್ತದೆ. ಸೊಪ್ಪಿನವಳು ಬೋಣಿಯ ದುಡ್ಡನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೆ ಇಳಿಸುತ್ತಾಳೆ. ಒಂದು ಹಿಡಿ ಕೊತ್ತಂಬರಿ ಕೊಸರಾಗಿ ಹಾಕುತ್ತಾಳೆ. ಆ ಕೊಸರು ಯಾವ ರಸೀದಿಯಲ್ಲೂ ಕಾಣುವುದಿಲ್ಲ. ನಾಳೆಯೂ ಗಿರಾಕಿ ತನ್ನ ಬುಟ್ಟಿಯ ಮುಂದೆಯೇ ನಿಲ್ಲುತ್ತಾನೆ ಎಂಬ ನಂಬಿಕೆಗೆ ಅವಳು ಕಟ್ಟುವ ಕಂತು ಅದು.

ಬುಟ್ಟಿಯಲ್ಲಿ ಇರುವುದು ಎಲ್ಲಿಂದ ಬರುತ್ತದೆ? ಸಿರುಗುಪ್ಪದ ಕಡೆಯಿಂದ ಅಕ್ಕಿ. ತುಂಗಭದ್ರೆಯ ದಂಡೆಯ ಆ ತಾಲ್ಲೂಕು, ಕಾಲುವೆ ನೀರು ಬಂದ ಮೇಲೆ ಜೋಳದ ಸೀಮೆಯಿಂದ ಭತ್ತದ ಸೀಮೆಯಾಯಿತು. ಊರಿನ ಸುತ್ತ ರೈಸ್ ಮಿಲ್ಲುಗಳು ಎದ್ದವು. ಕುರುಗೋಡು, ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ, ದೊಡ್ಡಬಸವೇಶ್ವರನ ಊರು, ಇಂದು ಮೆಣಸಿನಕಾಯಿಯ ಸೀಮೆ. ಆ ಮೆಣಸಿನಕಾಯಿ ಬಹಳಷ್ಟು ಮಾರಾಟವಾಗುವುದು ಇಲ್ಲಲ್ಲ, ಸುಮಾರು 200 ಕಿ.ಮೀ. ದೂರದ ಬ್ಯಾಡಗಿಯಲ್ಲಿ. 2024ರ ಮಾರ್ಚ್ 11ರಂದು ದರ ಕುಸಿದಾಗ ಬ್ಯಾಡಗಿ ಎಪಿಎಂಸಿ ಕಚೇರಿಗೆ ಬೆಂಕಿ ಬಿದ್ದದ್ದು ನೆನಪಿರಬಹುದು. ಬೆಳೆದ ಜಿಲ್ಲೆಯಲ್ಲೇ ಮಾರಲು ಜಾಗ ಬೇಕೆಂಬ ಕೂಗು ನಮ್ಮ ಕಡೆ ಹಳೆಯದು. ಇನ್ನು ಬಳ್ಳಾರಿ ಅಂಜೂರ. ಬಿಸಿಲಿಗೆ ಒಂದು ದಿನ, ಎರಡು ದಿನ ತಾಳುವ ಹಣ್ಣು. ಸಂಜೆಯೊಳಗೆ ಮಾರಿಹೋಗಬೇಕು, ಇಲ್ಲದಿದ್ದರೆ ನಷ್ಟ ಮಾರುವವಳ ಮಡಿಲಿಗೆ.

ಮಾರುಕಟ್ಟೆಗೆ ಗಡಿ ಗೊತ್ತಿಲ್ಲ ಎಂಬುದಕ್ಕೂ ನಮ್ಮ ಜಿಲ್ಲೆಯೇ ಸಾಕ್ಷಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಆದರೂ ಸಿರುಗುಪ್ಪದವರು ಆದವಾನಿಯ ಪೇಟೆಯನ್ನು ಬಿಡಲಿಲ್ಲ.

ಈಗ ಫುಡ್ ಹಾಲಿನ ಕಥೆಗೆ ಬರೋಣ. ಲಂಡನ್ನಿನ ಕೋವೆಂಟ್ ಗಾರ್ಡನ್‌ನಿಂದ ಹಣ್ಣು, ತರಕಾರಿ, ಹೂವಿನ ಸಗಟು ವ್ಯಾಪಾರ 1974ರಲ್ಲಿ ಬೇರೆ ಕಡೆಗೆ ಹೋಯಿತು. 1980ರಲ್ಲಿ ಅದೇ ಕಟ್ಟಡ ಅಂಗಡಿ, ಹೋಟೆಲುಗಳ ತಾಣವಾಗಿ ತೆರೆಯಿತು. ಬಾಸ್ಟನ್ನಿನಲ್ಲಿ 1826ರ ಕ್ವಿನ್ಸಿ ಮಾರ್ಕೆಟ್ 1976ರಲ್ಲಿ ತಿಂಡಿ ಮಳಿಗೆಗಳ ಸಾಲಾಯಿತು. ಮ್ಯಾಡ್ರಿಡ್‌ನ ಸಾನ್ ಮಿಗೆಲ್, 1916ರ ಕಬ್ಬಿಣದ ಕಂಬಗಳ ಚೆಲುವಾದ ಮಾರುಕಟ್ಟೆ, 2009ರಲ್ಲಿ ಖಾಸಗಿಯವರ ಕೈಯಲ್ಲಿ ಹೊಸದಾಗಿ ತೆರೆದಾಗ ಅಲ್ಲಿ ಕಂಡದ್ದು ಸಣ್ಣ ತಟ್ಟೆಗಳು, ವೈನ್ ಗ್ಲಾಸುಗಳು, ಪ್ರವಾಸಿಗರು. ಕಟ್ಟಡ ಉಳಿಯಿತು, ನಿಜ. ಅದು ಸಣ್ಣ ಸಂಗತಿಯಲ್ಲ. ಆದರೆ ನೆರೆಯ ಓಣಿಯ ಅಜ್ಜಿ ನಿತ್ಯದ ತರಕಾರಿಗೆ ಬರುವ ಜಾಗವಾಗಿ ಅದು ಉಳಿಯಲಿಲ್ಲ. ಚದರಡಿಗೆ ಬಾಡಿಗೆ ಏರಿತೆಂದರೆ ಟೊಮೆಟೊ ಮಾರಿ ಆ ಬಾಡಿಗೆ ಕಟ್ಟಲಾಗದು. ಟೊಮೆಟೊ ಸಾರನ್ನು ಕಪ್ಪಿನಲ್ಲಿ ಮಾರಿದರೆ ಮಾತ್ರ ಕಟ್ಟಬಹುದು. ಎಲ್ಲ ಕಡೆ ನಡೆಯುವ ಲೆಕ್ಕ ಇಷ್ಟೇ.

ಆದರೆ ಬೇರೆ ದಾರಿಯೂ ಇದೆ, ಅದೂ ಸ್ಪೇನಿನಲ್ಲೇ. ಬಾರ್ಸಿಲೋನಾದ ಸಾಂತ್ ಆಂತೋನಿ 1882ರ ಮಾರುಕಟ್ಟೆ. 2009ರಲ್ಲಿ ದುರಸ್ತಿಗೆಂದು ಮುಚ್ಚುವ ಮುಂಚೆ ಊರಾಡಳಿತ ಪಕ್ಕದ ರಸ್ತೆಯಲ್ಲೇ ತಾತ್ಕಾಲಿಕ ಮಾರುಕಟ್ಟೆ ಕಟ್ಟಿಸಿತು. ಮೀನಿನವರು, ಮಾಂಸದವರು, ತರಕಾರಿಯವರು ಅದರೊಳಕ್ಕೆ ಹೋದರು. ಅಗೆಯುವಾಗ ಹಳೆಯ ಕೋಟೆಗೋಡೆಯ ಭಾಗ ಸಿಕ್ಕಿತು, ಕೆಲಸ ತಡವಾಯಿತು. ಒಂಬತ್ತು ವರ್ಷವೇ ಹಿಡಿಯಿತು. ಅಷ್ಟೂ ವರ್ಷ ವ್ಯಾಪಾರ ನಿಲ್ಲಲಿಲ್ಲ, ಓಣಿಯವರು ಬೇರೆ ಕಡೆ ಹೋಗಬೇಕಾಗಲಿಲ್ಲ. 2018ರಲ್ಲಿ ಮಾರುಕಟ್ಟೆ ಮತ್ತೆ ಮಾರುಕಟ್ಟೆಯಾಗಿಯೇ ತೆರೆಯಿತು. ನನ್ನನ್ನು ಕೇಳಿದರೆ, ಆ ಕಟ್ಟಡದ ಅಂದಕ್ಕಿಂತ ಆ ತಾತ್ಕಾಲಿಕ ಶೆಡ್ಡೇ ದೊಡ್ಡ ಸಾಧನೆ.

ನಮ್ಮ ನಾಡಿನ ಅನುಭವ ಅಷ್ಟು ಹಗುರವಾಗಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟಿನಲ್ಲಿ ಕುಸಿಯಿತು. ಕೆಡವಿ ಕಟ್ಟಬೇಕೋ, ಇರುವುದನ್ನೇ ದುರಸ್ತಿ ಮಾಡಬೇಕೋ ಎಂಬ ಜಗಳ ವರ್ಷಗಟ್ಟಲೆ ಎಳೆಯಿತು. ಮಂಗಳೂರಿನ ಸೆಂಟ್ರಲ್ ಮಾರ್ಕೆಟ್ 2020ರ ಲಾಕ್‌ಡೌನಿನಲ್ಲಿ ಮುಚ್ಚಿ, ಅಲ್ಲಿಯ ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿಗೆ ಕಳಿಸಲಾಯಿತು. ಹಳೆಯ ಕಟ್ಟಡ ಉಳಿಯಲಿಲ್ಲ.

ಇನ್ನೂ ಹತ್ತಿರದ ನೆನಪು ಹಂಪಿಯದು. ಕೆಲವು ವರ್ಷಗಳ ಹಿಂದಿನವರೆಗೂ ಅದು ನಮ್ಮದೇ ಜಿಲ್ಲೆಯಲ್ಲಿತ್ತು. ಐದುನೂರು ವರ್ಷಗಳ ಹಿಂದೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಬೀದಿಗಳಲ್ಲಿ ಸಂಜೆಸಂಜೆ ನೆರೆಯುವ ಸಂತೆಗಳನ್ನು ಕಂಡು ಬೆರಗಾಗಿ ಬರೆದಿಟ್ಟ. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಕಲ್ಲುಮಂಟಪಗಳಲ್ಲಿ ನಮ್ಮ ಕಾಲದಲ್ಲೂ ಜನ ಬಾಳುತ್ತಿದ್ದರು. ಕಾಯಿ, ಕರ್ಪೂರ, ಬಳೆ, ಇಡ್ಲಿ, ಚಹಾ ಮಾರುತ್ತಿದ್ದರು. 2011ರ ಜುಲೈ 29ರಂದು ಜೆಸಿಬಿಗಳು ಬಂದವು. ಸ್ಮಾರಕಗಳನ್ನು ಒತ್ತುವರಿಯಿಂದ ಬಿಡಿಸುವುದು ಅಗತ್ಯವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಜನರಿಗೆ ಕಡ್ಡಿರಾಂಪುರದಲ್ಲಿ ನಿವೇಶನ ದಕ್ಕುವುದಕ್ಕೆ ಮುಂಚೆ ಅಂಗಡಿಗಳು ನೆಲಸಮವಾಗಿದ್ದವು. ಮೊದಲು ಜಾಗ, ಆಮೇಲೆ ತೆರವು ಎಂಬ ಕ್ರಮ ತಿರುವುಮುರುವಾಯಿತು. ಇಂದು ಆ ಮಂಟಪಗಳ ಸಾಲು ಚೊಕ್ಕಟವಾಗಿದೆ. ಬಜಾರು ಎಂಬ ಹೆಸರಿನ ಆ ಬೀದಿಯಲ್ಲಿ ಬಜಾರು ಇಲ್ಲ.

ಹಾಗೆಂದು ನಮ್ಮ ಮಾರುಕಟ್ಟೆಗಳು ಇದ್ದ ಹಾಗೇ ಇರಲಿ ಎನ್ನುವುದು ಮಾರುವವರಿಗೆ ಮಾಡುವ ಅನ್ಯಾಯ. ಮುಂಜಾನೆಯಿಂದ ರಾತ್ರಿವರೆಗೆ ಕೂರುವ ಹೆಂಗಸಿಗೆ ಶೌಚಾಲಯ ಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ನೆರಳು ಬೇಕು. ಅದಕ್ಕೆ ಎಸಿ ಬೇಕಿಲ್ಲ, ಗಾಳಿಯಾಡುವ ಎತ್ತರದ ಸೂರು ಸಾಕು. ಮಳೆ ಬಂದರೆ ಮೊಣಕಾಲು ಕೆಸರಾಗದ ಕಲ್ಲುಹಾಸು, ಹರಿಯುವ ಚರಂಡಿ, ಕುಡಿಯುವ ನೀರು, ಅಂಜೂರಕ್ಕೆ ಒಂದು ಸಣ್ಣ ಶೀತಲ ಕೋಣೆ. ಕುರುಗೋಡು, ಸಿರುಗುಪ್ಪದ ಸಂತೆಗಳಿಗೂ ಇಷ್ಟೇ ಬೇಕಿರುವುದು. ತಿಂಡಿಯ ಸಾಲೂ ಇರಲಿ, ಚೆಂದಾಗಿಯೇ ಇರಲಿ. ಅಲ್ಲಿ ವಗ್ಗರಣಿ ಮಾಡುವವರು ಈಗ ಬಂಡಿ ನಿಲ್ಲಿಸುವವರೇ ಆಗಿರಲಿ.

ಕಾನೂನು ಈ ವಿಷಯದಲ್ಲಿ ನಾವು ತಿಳಿದಷ್ಟು ಬಡವಾಗಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಊರಿಗೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಕೂರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಿ ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡಬೇಕು. ಸಮೀಕ್ಷೆ ಮುಗಿದು ಪತ್ರ ಕೈಸೇರುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಐವತ್ತು ವರ್ಷ ದಾಟಿದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿಯವರನ್ನು ಸ್ಥಳಾಂತರಿಸಬಾರದು ಎಂಬ ಮಾತೂ ಅದರ ಅನುಸೂಚಿಯಲ್ಲಿದೆ. ಇನ್ನೂರು ವರ್ಷದ ಹಿಂದಿನ ಕೌಲು ಬೇರೆ ಭಾಷೆಯಲ್ಲಿ ಮತ್ತೆ ಬರೆದಂತಿದೆ. ಆದರೆ ಕೌಲು ಹಿಡಿದವನ ಕೈಯಲ್ಲಿ ಕಾಗದ ಇರಬೇಕು, ಆಗ ಮಾತ್ರ ಅದು ನಡೆಯುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಈ ವಾರ ಪೇಟೆಗೆ ಹೋದಾಗ ನಿಮ್ಮ ನಿತ್ಯದ ಸೊಪ್ಪಿನವಳನ್ನು, ಮಿರ್ಚಿ ಬಂಡಿಯವರನ್ನು ವ್ಯಾಪಾರದ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಇಲ್ಲ ಎಂದರೆ, ಬಳ್ಳಾರಿಯಲ್ಲಿ ಪಾಲಿಕೆಗೆ, ಸಿರುಗುಪ್ಪದಲ್ಲಿ ನಗರಸಭೆಗೆ, ಕುರುಗೋಡಿನಲ್ಲಿ ಪುರಸಭೆಗೆ ಅವರ ಜೊತೆ ಒಂದು ಬೆಳಿಗ್ಗೆ ಹೋಗಿ ಅರ್ಜಿ ಬರೆದುಕೊಡಿ.