ಮಕ್ಕಳ ಕಾಮಾಲೆ: ವರದಿಯ ಯಾವ ಅಂಕಿಗೆ ಹೆದರಬೇಕು?

ಮಗುವಿಗೆ ನಾಲ್ಕು ದಿನ ಜ್ವರ, ವಾಕರಿಕೆ, ಹೊಟ್ಟೆನೋವು. ಊಟ ಕಂಡರೆ ಮುಖ ತಿರುಗಿಸುತ್ತದೆ. ಆಮೇಲೆ ಮೂತ್ರ ಕಡು ಹಳದಿಯಾಗಿ, ಕಣ್ಣಿನ ಬಿಳಿಭಾಗ ಅರಿಶಿನ ಬಣ್ಣಕ್ಕೆ ತಿರುಗಿದಾಗ ಇದು ಕಾಮಾಲೆ ಎಂದು ಮನೆಯವರಿಗೆ ತಿಳಿಯುತ್ತದೆ. ರಕ್ತಪರೀಕ್ಷೆಯ ವರದಿ ಬಂದಾಗ ಗಾಬರಿ ಇಮ್ಮಡಿಯಾಗುತ್ತದೆ. ಸುಮಾರು 40ರ ಒಳಗಿರಬೇಕಾದ ಎಸ್‌ಜಿಪಿಟಿ 1,800 ಎಂದಿದ್ದರೆ ಯಾವ ತಾಯಿಯ ಎದೆ ಝಲ್ಲೆನ್ನುವುದಿಲ್ಲ? ಆದರೆ ಈ ಒಂದೇ ಅಂಕಿಯನ್ನು ನೋಡಿ ಹೆದರಬೇಕಾಗಿಲ್ಲ. ಅದು ಇಳಿಯಿತು ಎಂದ ಮಾತ್ರಕ್ಕೆ ನಿಶ್ಚಿಂತರಾಗಲೂ ಬಾರದು.

ನಮ್ಮ ದೇಶದ ಮಕ್ಕಳಲ್ಲಿ ಹಠಾತ್ತಾಗಿ ಕಾಣಿಸುವ ಕಾಮಾಲೆಗೆ ಮುಖ್ಯ ಕಾರಣ ಹೆಪಟೈಟಿಸ್ ‘ಎ’ ವೈರಸ್. ರೋಗಿಯ ಮಲದಿಂದ ಕಲುಷಿತಗೊಂಡ ನೀರು ಮತ್ತು ಆಹಾರದ ಮೂಲಕ ಇದು ದೇಹ ಸೇರುತ್ತದೆ. 15ರಿಂದ 50 ದಿನಗಳೊಳಗೆ, ಸಾಮಾನ್ಯವಾಗಿ ನಾಲ್ಕು ವಾರಗಳಲ್ಲಿ ರೋಗ ಕಾಣಿಸುತ್ತದೆ. ಆರು ವರ್ಷದೊಳಗಿನ ಹೆಚ್ಚಿನ ಮಕ್ಕಳಲ್ಲಿ ಕಣ್ಣು ಹಳದಿಯಾಗುವುದೇ ಇಲ್ಲ. ದೊಡ್ಡ ಮಕ್ಕಳಲ್ಲಿಯೇ ಕಾಮಾಲೆ ಎದ್ದು ಕಾಣುವುದು.

ಎಸ್‌ಜಿಪಿಟಿ ಏನು ಹೇಳುತ್ತದೆ?

ವೈರಸ್ ಯಕೃತ್ತಿನ, ಅಂದರೆ ಲಿವರಿನ, ಜೀವಕೋಶಗಳಲ್ಲಿ ಬೆಳೆಯುತ್ತದೆ. ಸೋಂಕು ತಗುಲಿದ ಕೋಶಗಳನ್ನು ದೇಹದ ರೋಗನಿರೋಧಕ ಪಡೆ ನಾಶ ಮಾಡುತ್ತದೆ. ಆಗ ಕೋಶದೊಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಅಂಥ ಒಂದು ಕಿಣ್ವವೇ ಎಸ್‌ಜಿಪಿಟಿ. ಕೆಲವು ವರದಿಗಳಲ್ಲಿ ಇದನ್ನು ಎಎಲ್‌ಟಿ ಎಂದು ಬರೆದಿರುತ್ತಾರೆ. ನೆಲಕ್ಕೆ ಚೆಲ್ಲಿದ ಕಾಳನ್ನು ನೋಡಿ ಚೀಲ ಹರಿದಿದೆ ಎನ್ನಬಹುದು. ಚೀಲದಲ್ಲಿ ಇನ್ನೆಷ್ಟು ಉಳಿದಿದೆ ಎಂದು ಹೇಳಲಾಗದು. ಎಸ್‌ಜಿಪಿಟಿಯೂ ಹಾಗೆಯೇ. ಅದು ಸಾವಿರ ದಾಟಿದ ಎಷ್ಟೋ ಮಕ್ಕಳು ಯಾವ ತೊಂದರೆಯೂ ಇಲ್ಲದೆ ಚೇತರಿಸಿಕೊಳ್ಳುತ್ತಾರೆ.

ಬಿಲಿರುಬಿನ್ ಎಂಬುದು ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಉಳಿಯುವ ಹಳದಿ ವಸ್ತು. ಲಿವರ್ ಇದನ್ನು ಪಿತ್ತರಸದ ಮೂಲಕ ಕರುಳಿಗೆ ಸಾಗಿಸುತ್ತದೆ. ಲಿವರ್ ಊದಿಕೊಂಡಾಗ ಅದು ರಕ್ತಕ್ಕೆ ಮರಳಿ ಕಣ್ಣು, ಚರ್ಮ, ಮೂತ್ರಕ್ಕೆ ಬಣ್ಣ ಕೊಡುತ್ತದೆ. ಮಲ ಮಾತ್ರ ಬಿಳಿಚಿಕೊಳ್ಳುತ್ತದೆ. ರಕ್ತದಲ್ಲಿ ಇದರ ಸಹಜ ಪ್ರಮಾಣ 100 ಮಿಲಿಲೀಟರಿಗೆ ಸುಮಾರು 1 ಮಿಲಿಗ್ರಾಂ.

ಎಸ್‌ಜಿಪಿಟಿ ಮೊದಲು ಏರಿ ಬೇಗ ಇಳಿಯುತ್ತದೆ. ಬಿಲಿರುಬಿನ್ ತಡವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಮಗು ಆಡಿಕೊಂಡು, ಹಸಿವೆಂದು ಊಟ ಕೇಳುತ್ತಿದ್ದರೂ ಕಣ್ಣಿನ ಹಳದಿ ಕೆಲವು ವಾರ ಉಳಿಯಬಹುದು. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಎಲ್ಲವೂ ಸಹಜ ಸ್ಥಿತಿಗೆ ಬರುತ್ತದೆ. ಕೆಲವರಲ್ಲಿ ಗುಣವಾದಂತೆ ಕಂಡು ಮತ್ತೆ ಅಂಕಿಗಳು ಏರುವುದುಂಟು, ಮೈ ತುರಿಕೆಯೂ ಇರಬಹುದು. ಅದೂ ಬಹುಪಾಲು ತಾನಾಗಿಯೇ ಶಮನವಾಗುತ್ತದೆ. ಹೆಪಟೈಟಿಸ್ ‘ಬಿ’ಯಂತೆ ಇದು ದೇಹದಲ್ಲಿ ವರ್ಷಗಟ್ಟಲೆ ಉಳಿಯುವ ರೋಗವಲ್ಲ.

ನಿಜವಾಗಿ ಗಮನಿಸಬೇಕಾದ ಪರೀಕ್ಷೆ

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳು ತಯಾರಾಗುವುದು ಲಿವರಿನಲ್ಲಿ. ಇವುಗಳಲ್ಲಿ ಕೆಲವು ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ. ಲಿವರ್ ಕೈಕೊಟ್ಟರೆ ಒಂದೆರಡು ದಿನದಲ್ಲೇ ಕೊರತೆ ಬಯಲಾಗುತ್ತದೆ. ಇದನ್ನು ಅಳೆಯುವುದು ಪ್ರೋಥ್ರಾಂಬಿನ್ ಟೈಮ್ ಪರೀಕ್ಷೆ. ವರದಿಯಲ್ಲಿ ಐಎನ್‌ಆರ್ ಎಂದು ಬರುವ ಇದರ ಅಂಕಿ ಸುಮಾರು 1 ಇರಬೇಕು. ವಿಟಮಿನ್ ‘ಕೆ’ ಚುಚ್ಚುಮದ್ದು ಕೊಟ್ಟ ಮೇಲೂ ಅದು 1.5 ದಾಟಿದ್ದರೆ ಪರಿಸ್ಥಿತಿ ಗಂಭೀರ. ಎಸ್‌ಜಿಪಿಟಿ ಇಳಿಯುತ್ತಿದೆ, ಆದರೆ ಬಿಲಿರುಬಿನ್ ಮತ್ತು ಐಎನ್‌ಆರ್ ಏರುತ್ತಿವೆ ಎಂದಾದರೆ ಅದು ಚೇತರಿಕೆಯಲ್ಲ. ಚೀಲದಲ್ಲಿ ಚೆಲ್ಲಲು ಕಾಳೇ ಉಳಿದಿಲ್ಲ ಎಂಬ ಸೂಚನೆ!

ಇಂಥ ಲಿವರ್ ವೈಫಲ್ಯ ನೂರರಲ್ಲಿ ಒಂದು ಮಗುವಿಗಿಂತಲೂ ಕಡಿಮೆ. ಆದರೂ ಈ ಚಿಹ್ನೆಗಳು ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ:

* ಹಗಲೆಲ್ಲ ಮಂಪರು, ರಾತ್ರಿ ನಿದ್ರೆಯಿಲ್ಲದಿರುವುದು
* ಅಸಂಬದ್ಧ ಮಾತು, ವಿನಾಕಾರಣ ಸಿಟ್ಟು, ಮನೆಯವರನ್ನು ಗುರುತಿಸದಿರುವುದು
* ನಿಲ್ಲದ ವಾಂತಿ
* ಮೂಗು, ಒಸಡಿನಿಂದ ರಕ್ತ, ಮೈಮೇಲೆ ಕಂದುಗಲೆ, ಕಪ್ಪು ಮಲ
* ಹೊಟ್ಟೆ ಊದಿಕೊಳ್ಳುವುದು

ಪಥ್ಯ, ನಾಟಿ ಔಷಧಿ

ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಅದರ ಅಗತ್ಯವೂ ಸಾಮಾನ್ಯವಾಗಿ ಬೀಳುವುದಿಲ್ಲ. ವಿಶ್ರಾಂತಿ, ಸಾಕಷ್ಟು ನೀರು, ಮಗುವಿಗೆ ರುಚಿಸುವ ಊಟ ಸಾಕು. ವಾರಗಟ್ಟಲೆ ಬರೀ ಗಂಜಿ, ಉಪ್ಪಿಲ್ಲದ ಅನ್ನ ಕೊಟ್ಟರೆ ಮಗು ಸೊರಗುತ್ತದೆ. ಸಾರಿನಲ್ಲಿ ಹಾಕಿದ ಅರಿಶಿನದಿಂದ ಕಾಮಾಲೆ ಹೆಚ್ಚುವುದಿಲ್ಲ. ಅನ್ನ, ಬೇಳೆ, ಮೊಸರು, ಹಣ್ಣು, ಒಗ್ಗರಣೆಗೆ ತುಸು ಎಣ್ಣೆ ಎಲ್ಲವನ್ನೂ ಕೊಡಬಹುದು. ವಾಕರಿಕೆ ಇದ್ದಾಗ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಿ.

ನೆಲನೆಲ್ಲಿಯ ರಸ ಕುಡಿಸಿದ್ದಕ್ಕೇ ಗುಣವಾಯಿತು ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಏನೂ ಕೊಡದಿದ್ದರೂ ಬಹುತೇಕ ಮಕ್ಕಳಲ್ಲಿ ಈ ಕಾಯಿಲೆ ವಾಸಿಯಾಗುತ್ತದೆ ಎಂಬುದನ್ನು ಮರೆಯಬೇಡಿ. ಬರೆ ಹಾಕಿಸುವುದು, ಕಣ್ಣು ಮೂಗಿಗೆ ರಸ ಹಿಂಡುವುದು ಕ್ರೂರ ಮತ್ತು ಅಪಾಯಕಾರಿ. ಒಳಗೇನಿದೆಯೆಂದು ತಿಳಿಯದ ಪುಡಿಗಳು ಬಳಲಿದ ಲಿವರಿಗೆ ಮತ್ತಷ್ಟು ಪೆಟ್ಟು ಕೊಡಬಲ್ಲವು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವ ಮುನ್ನವೂ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ.

ಉಳಿದವರ ರಕ್ಷಣೆ

ಕಣ್ಣು ಹಳದಿಯಾಗುವ ಒಂದೆರಡು ವಾರ ಮೊದಲೇ ಮಗುವಿನ ಮಲದಲ್ಲಿ ವೈರಸ್ ಹೇರಳವಾಗಿರುತ್ತದೆ. ಕಾಮಾಲೆ ಕಂಡ ಮೇಲೆ ಒಂದು ವಾರವಾದರೂ ಶಾಲೆಗೆ ಕಳುಹಿಸಬೇಡಿ. ಶೌಚದ ನಂತರ, ಅಡುಗೆ ಊಟಕ್ಕೆ ಮೊದಲು ಎಲ್ಲರೂ ಸೋಪಿನಿಂದ ಕೈ ತೊಳೆಯಬೇಕು. ಕುಡಿಯುವ ನೀರನ್ನು ಕುದಿಸಿ ಆರಿಸಬೇಕು. ಒಂದು ವರ್ಷ ತುಂಬಿದ ಮಕ್ಕಳಿಗೆ ಲಸಿಕೆ ಲಭ್ಯವಿದೆ. ಮನೆಯಲ್ಲಿ ಒಬ್ಬರಿಗೆ ರೋಗ ಬಂದಾಗಲೂ ಎರಡು ವಾರದೊಳಗೆ ಉಳಿದವರಿಗೆ ಲಸಿಕೆ ಹಾಕಿಸಿದರೆ ಪ್ರಯೋಜನವಾಗಬಹುದು.

ಮುಂದಿನ ಸಲ ವರದಿ ಹಿಡಿದು ವೈದ್ಯರ ಮುಂದೆ ಕುಳಿತಾಗ ಎಸ್‌ಜಿಪಿಟಿ ಎಷ್ಟಿದೆ ಎಂದಷ್ಟೇ ಕೇಳಬೇಡಿ. ‘ಐಎನ್‌ಆರ್ ಹೇಗಿದೆ?’ ಎಂದೂ ಕೇಳಿ. ಮನೆಯಲ್ಲಿ ಮಾತ್ರ ಕಾಗದಕ್ಕಿಂತ ಹೆಚ್ಚಾಗಿ ಮಗುವನ್ನೇ ನೋಡುತ್ತಿರಿ.